ಳ ಕಲಿಸಿದ ದಿನ ಬರದವಳು

ಜಿಲೇಬಿ ಅಕ್ಷರದಲ್ಲಿ ಶ್ರದ್ಧಾಂಜಲಿಯ ಬ್ಯಾನರ್ ಮಾಡಿಸಬೇಡ ಎಂದು ಕಿರಾಣಿ ಅಂಗಡಿಯ ಚನಬಸಪ್ಪನಿಗೆ ಬಾಯಿ ನೋಯುವಷ್ಟು ಹೇಳಿದ್ದೆ. 'ನಮ್ಮಪ್ಪಗ ಗುಂಡಗಿನ ಅಕ್ಷರ ಅಂದ್ರ ಭಾಳ ಪ್ರೀತಿ, ನೀವು ಮಾಡ್ರಿ' ಅಂದ. ಮಾಡಿಕೊಟ್ಟೆ. ಬ್ಯಾನರನ್ನು ಚೌಕದ ಕಂಬಕ್ಕೆ ಕಟ್ಟಿದ್ದೇ ತಡ, 'ನಿಮ್ಮ ಅಗಲಿಕೆ ನಮ್ಮನ್ನು ಅನಾಥರನ್ನಾಗಿಸಿದೆ' ಎಂಬ ಸಾಲನ್ನು ಅದು ಬಾಯಿಗೆ ಸೆರಗು ಹಿಡಿದ ಹುಡುಗಿಯ ಹಾಗೆ ಕಿಸಿಕಿಸಿ ನಗುತ್ತ ಹೇಳತೊಡಗಿತು. ಸಂತಾಪಕ್ಕೆ ಬಂದವರು ಮುಖ ಸಪ್ಪೆ ಮಾಡಿಕೊಂಡು ಬಂದು ನಗು ತಡೆಯಲಾರದೆ ಓಡಿಹೋದರು. ಚನಬಸಪ್ಪ ಈಗಲೂ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಾನೆ, ತಪ್ಪು ನನ್ನದೇ ಎಂಬಂತೆ.

ನಮ್ಮೂರಲ್ಲಿ ಕೈಯಲ್ಲಿ ಹಿಡಿದ ಅಕ್ಷರ ಸುಮ್ಮನಿರುತ್ತದೆ. ಮೊಳೆಗೋ ಕಂಬಕ್ಕೋ ತೂಗಿಬಿದ್ದರೆ ಮಾತ್ರ, ಎದುರಿಗೆ ಬಂದವರಿಗೆ ಒಂದು ಸಲ ತನ್ನನ್ನು ತಾನೇ ಓದಿ ಹೇಳುತ್ತದೆ. ಹಾಗಾಗಿ ಮನೆಗೆ ನೆಂಟರು ಬಂದು ಮಲಗಿದರೆ ಕ್ಯಾಲೆಂಡರನ್ನು ಗೋಡೆಗೆ ಮುಖಮಾಡಿ ತಿರುಗಿಸುತ್ತೇವೆ, ಇಲ್ಲದಿದ್ದರೆ ನೀರು ಕುಡಿಯಲು ಎದ್ದವರಿಗೆ ಅದು ತಿಥಿ ನಕ್ಷತ್ರ ಒಪ್ಪಿಸುತ್ತದೆ. ಪೇಟೆಯಲ್ಲಿ ನಡೆಯುವಾಗ ಹೆಂಗಸರು ಸೆರಗನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಾರೆ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯರು ಮೊದಲ ಕೆಲವು ದಿನ ಔಷಧಿ ಅಂಗಡಿಯ ಬೋರ್ಡಿಗೆ 'ಬ್ಯಾಡ್ರಿ, ನನಗ ಆರಾಮ ಐತಿ' ಎಂದು ಉತ್ತರ ಕೊಡುತ್ತಿರುತ್ತಾರೆ. ಆಮೇಲೆ ರೂಢಿಯಾಗುತ್ತದೆ.

ನಾನು ಇಂದುಮತಿ. ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಅಕ್ಷರದ ಅಂಗಡಿ ಇದೆ. ಬೋರ್ಡು, ಬ್ಯಾನರ್, ಮದುವೆ ಮಂಟಪದ ಹೆಸರು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಪ್ರಿಂಟ್ ಹಾಕಿಕೊಡುತ್ತೇನೆ. ಬೇರೆ ಊರುಗಳಲ್ಲಿ ಫಾಂಟ್ ಆರಿಸುವುದು ಕಣ್ಣಿನ ಕೆಲಸವಂತೆ. ಇಲ್ಲಿ ಅದು ಕಿವಿಯ ಕೆಲಸ. ಕಂಪನಿಯವರು ಇಟ್ಟ ಹೆಸರುಗಳು ನಮ್ಮವರ ನಾಲಿಗೆಗೆ ಹತ್ತುವುದಿಲ್ಲ, ಆದ್ದರಿಂದ ನಾವೇ ಹೆಸರಿಟ್ಟಿದ್ದೇವೆ. ಕೈಬರಹದ ಹಾಗೆ ಸುರುಳಿ ಸುತ್ತಿಕೊಂಡಿರುವುದು ಜಿಲೇಬಿ, ಮಕ್ಕಳ ಹುಟ್ಟುಹಬ್ಬಕ್ಕೆ, ಐಸ್‌ಕ್ರೀಮಿಗೆ ಸರಿ. ದಪ್ಪನೆಯದು ಪೈಲವಾನ, ಚುನಾವಣೆಗೆ ಬೇಕು. ತೆಳ್ಳಗೆ ಉದ್ದಕ್ಕೆ ಇರುವುದು ಸಪೂರ. ಅದು ಮೂಗಿನಲ್ಲಿ ಮೆಲ್ಲಗೆ ಮಾತಾಡುತ್ತದೆ, ಆಸ್ಪತ್ರೆಗೆ ಒಪ್ಪುತ್ತದೆ. ತಲೆಕಟ್ಟು ಕತ್ತರಿಸಿ ನುಣ್ಣಗೆ ಮಾಡಿದ ಹೊಸ ಕಾಲದ ಅಕ್ಷರಕ್ಕೆ ಹೊಸ ಅಳಿಯ ಎಂದು ಹೆಸರು. ಕುರ್ಚಿಯ ತುದಿಯಲ್ಲಿ ಕೂತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಗಂಡು ದನಿ ಅದರದು. ಬ್ಯಾಂಕಿನವರಿಗೆ ಅದೆಂದರೆ ಜೀವ. 'ಇಲ್ಲಿ ಉಗುಳಬೇಡಿ' ಎಂಬುದನ್ನು ಪುರಸಭೆಯವರು ಮೊದಲು ಜಿಲೇಬಿಯಲ್ಲಿ ಬರೆಸಿದ್ದರು. ಜನ ಅದನ್ನು ನಗಿಸಲೆಂದೇ ಬಂದು ಬಂದು ಉಗುಳಿದರು. ಈಗ ಸಪೂರದಲ್ಲಿದೆ. ಉಗುಳಲು ಬಂದವನು ನಾಚಿಕೊಂಡು ನುಂಗಿಕೊಳ್ಳುತ್ತಾನೆ.

ಇಷ್ಟೆಲ್ಲ ಯಾಕೆ, ಕೈಯಾರೆ ಬರೆದು ತೂಗಿಹಾಕಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಹಾಕಬಹುದು. ಆದರೆ ಕೈಬರಹ ಮಾತಾಡುವುದು ಬರೆದವರ ದನಿಯಲ್ಲಲ್ಲ, ಬರೆಯಲು ಕಲಿಸಿದವರ ದನಿಯಲ್ಲಿ. ನಮ್ಮೂರಲ್ಲಿ ಅರ್ಧಕ್ಕರ್ಧ ಜನಕ್ಕೆ ಅಕ್ಷರ ತಿದ್ದಿಸಿದವರು ಸಂಗಯ್ಯ ಮಾಸ್ತರರು. ಅವರು ತೀರಿಹೋಗಿ ಎಷ್ಟೋ ಕಾಲವಾಯಿತು. ಆದರೂ ಬಾಗಿಲಿಗೆ 'ಇವತ್ತು ಹಾಲು ಬೇಡ' ಎಂದು ಚೀಟಿ ಸಿಕ್ಕಿಸಿದರೆ ಸಾಕು, ಕೈಯಲ್ಲಿ ಬೆತ್ತ ಹಿಡಿದ ಮಾಸ್ತರರ ದನಿ ಗದರುತ್ತದೆ, ಹಾಲಿನವನು ಕ್ಯಾನು ಕೆಳಗಿಟ್ಟು ಕೈ ಮುಂದೆ ಚಾಚುತ್ತಾನೆ. ಹಾಗಾಗಿ ಕೈಬರಹವನ್ನು ಯಾರೂ ತೂಗಿಹಾಕುವುದಿಲ್ಲ. ನನ್ನ ಹೊಟ್ಟೆ ತುಂಬುತ್ತಿರುವುದು ಅವರ ಭಯದಿಂದಲೇ ಅನ್ನಿ.

ಕಸ್ತೂರಕ್ಕ ಅಂಗಡಿಗೆ ಬಂದದ್ದು ಒಂದು ಮಧ್ಯಾಹ್ನ, ಕೈಯಲ್ಲಿ ಪಾಟಿ ಬಳಪ ಹಿಡಿದುಕೊಂಡು. ನನ್ನ ಮನೆಗೆ ಎರಡು ಓಣಿ ಆಚೆ ಅವಳ ಮನೆ. ಹೋದ ಮಳೆಗಾಲದಲ್ಲಿ ಅವಳ ಗಂಟಲಿಗೆ ಆಪರೇಶನ್ ಆಗಿತ್ತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಅವಳ ಗಂಡ ವಿರೂಪಾಕ್ಷಪ್ಪ ಹಾರ್ಮೋನಿಯಂ ರಿಪೇರಿ ಮಾಡುವವರು, ನಾನು ಮಾಮಾ ಎನ್ನುತ್ತೇನೆ. ಅವರ ಕಣ್ಣನ್ನು ಸಕ್ಕರೆ ಕಾಯಿಲೆ ಅದಕ್ಕೂ ಮೊದಲೇ ಕಸಿದುಕೊಂಡಿತ್ತು. ಅವರಿಗೆ ಕಾಣುವುದಿಲ್ಲ, ಇವಳಿಗೆ ಮಾತಿಲ್ಲ. ಮೊದಲು ಅವಳ ದನಿ ಹಿಡಿದೇ ಅವರು ಮನೆಯಲ್ಲಿ ಓಡಾಡುತ್ತಿದ್ದರು. ಸ್ವಲ್ಪ ಒಡಕು, ಹಿಂದೆಲ್ಲೋ ನಗುವೊಂದು ಅಡಗಿರುವಂಥ ದನಿ ಅದು. ನಮ್ಮ ಓಣಿಗೂ ಕೇಳಿಸುತ್ತಿತ್ತು.

ಅವಳು ಪಾಟಿಯ ಮೇಲೆ ಬರೆದು ನನ್ನ ಮುಂದೆ ಹಿಡಿದಳು. 'ನನಗ ನನ್ನ ದನಿ ಬೇಕು ತಂಗಿ. ನಿನ್ನ ಅಂಗಡ್ಯಾಗ ಇದ್ರ ಹುಡುಕಿ ಕೊಡು.'

ಕೂಡಿಸಿ, ಚಹಾ ತರಿಸಿ, ನಿಧಾನಕ್ಕೆ ಕೇಳಿದೆ. ಅವಳು ಬರೆದು ಅಳಿಸಿ, ಬರೆದು ಅಳಿಸಿ ಹೇಳಿದಳು. ಮನೆಯಲ್ಲಿ ಗಂಡನ ಅಂಗೈ ಮೇಲೆ ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ಮೊದಮೊದಲು ಅದರಲ್ಲೇ ಸಾಗಿತು. ಆಮೇಲೆ ಮಾಮಾ ಮಾತು ಕಡಿಮೆ ಮಾಡಿದರು. ಈಗ ಇದ್ದಕ್ಕಿದ್ದಂತೆ ತಮ್ಮ ಅಕ್ಕನ ಊರಿಗೆ ಹೋಗಿ ಇದ್ದುಬಿಡುತ್ತೇನೆ ಎಂದು ಕೂತಿದ್ದಾರೆ. 'ನೀ ಎಷ್ಟು ದಿನ ಅಂತ ಈ ಕುರುಡನ ಕೈ ತಟ್ಟತಿ? ನಿನಗ ಸಾಕಾಗೇತಿ' ಅನ್ನುತ್ತಾರೆ. ಇವಳು ಎರಡು ಸಲ ತಟ್ಟುತ್ತಾಳೆ. 'ಬೆರಳು ಕನಿಕರಕ್ಕೂ ತಟ್ಟತಾವ. ದನಿ ಕೇಳಿದ್ರ ನನಗ ಗೊತ್ತಾಗತಿತ್ತು' ಅನ್ನುತ್ತಾರೆ. ಅಮಾವಾಸ್ಯೆ ಕಳೆದ ಕೂಡಲೇ ಅಕ್ಕ ನೀಲಗಂಗವ್ವ ಕರೆದುಕೊಂಡು ಹೋಗಲು ಬರುತ್ತಾರೆ.

'ಹೋಗಬ್ಯಾಡ್ರಿ ಅಂತ ಒಂದs ಮಾತು ಹೇಳಬೇಕು ನಾನು. ನನ್ನ ದನಿಯಾಗ' ಎಂದು ಬರೆದಳು. ಬಳಪ ಮುರಿಯಿತು. ನನಗೆ ಅಳು ಬಂತು, ಚಹಾ ಬಿಸಿ ಇದೆ ಎಂದು ನೆಪ ಹೇಳಿ ಮುಖ ತಿರುಗಿಸಿದೆ.

ನನ್ನ ಹತ್ತಿರ ಇದ್ದ ಹೆಣ್ಣು ದನಿಯ ಅಕ್ಷರಗಳನ್ನೆಲ್ಲ ತೆಗೆದೆ. ಕೈಬರಹದಂಥವು, ತುಂಟವು, ಹೊಸವು, ಬಾಗಿದವು, ಬಳ್ಳಿಯಂಥವು. 'ನಾ ಇಲ್ಲೇ ಅದೀನಿ' ಎಂದು ಒಂದೊಂದರಲ್ಲೂ ಪ್ರಿಂಟ್ ಹಾಕಿ, ಸುತ್ತಿಗೆ ಹಿಡಿದುಕೊಂಡು ಅವಳ ಮನೆಗೆ ಹೋದೆ. ಮಾಮಾ ಪಡಸಾಲೆಯಲ್ಲಿ ಒಂದು ಹಾರ್ಮೋನಿಯಮ್ಮಿನ ಹೊಟ್ಟೆ ಬಗೆದು ಕೂತಿದ್ದರು. ಜಿಲೇಬಿಯನ್ನು ಮೊಳೆಗೆ ಹಾಕಿದೆ. 'ಯಾರ ಹುಡುಗಿ ಇದು? ಸಾಲಿ ಇಲ್ಲೇನು ಇವತ್ತ?' ಎಂದರು. ಸಪೂರ ಹಾಕಿದೆ. 'ನರ್ಸಬಾಯಿ ಬಂದಾರ ನೋಡು, ಕುರ್ಚಿ ಕೊಡು.' ಗಡಿಬಿಡಿಯಲ್ಲಿ ಹೊಸ ಅಳಿಯನಲ್ಲಿ ಹಾಕಿದ್ದ ಒಂದು ಹಾಳೆಯೂ ಕಟ್ಟಿನೊಳಗೆ ಸೇರಿಕೊಂಡಿತ್ತು. ಅದು ಗಂಡು ದನಿಯಲ್ಲಿ 'ನಾ ಇಲ್ಲೇ ಅದೀನಿ' ಎಂದದ್ದೇ ಮಾಮಾ ತಿರುಪುಳಿ ಹಿಡಿದು ಎದ್ದು ನಿಂತರು. 'ಇಂದೂ, ಯಾಂವ ಅಂವ ನಮ್ಮ ಮನಿಯಾಗ?'

ಕಸ್ತೂರಕ್ಕನ ಭುಜ ಕುಣಿಯುತ್ತಿತ್ತು. ನಗುತ್ತಿದ್ದಾಳೆ ಎಂದುಕೊಂಡೆ. ಅಷ್ಟೇ ಆಗಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಕೂತು ಕೇಳಿದೆ. 'ಅಕ್ಕಾ, ನಿನ್ನ ಕೈಬರಹಾನ ಒಮ್ಮೆ ತೂಗಹಾಕಿ ನೋಡೀಯೇನು?' ಅವಳು ಬರೆದಳು. 'ಹಾಕಿದ್ದೆ. ಸಂಗಯ್ಯ ಮಾಸ್ತರ ಬಂದ್ರು. ಇವರು ಮಲಗಿದ್ದವರು ಎದ್ದು ಕೈ ಕಟ್ಟಿ ನಿಂತ್ರು.' ಮಾಮಾನೂ ಅದೇ ಶಾಲೆಯವರು ತಾನೇ. ಅವಳ ಕೈಯಿಂದ ಪಾಟಿ ತೆಗೆದುಕೊಂಡು 'ಇನ್ನೊಮ್ಮೆ ಕೇಳೂಣು ತಡಿ' ಎಂದು ಕಟ್ಟೆಯ ಮೇಲಿನ ಮೊಳೆಗೆ ಹಾಕಿದೆ. ಹಿಂದಿನದನ್ನು ಅಳಿಸಿ ಅವಳು ಆಗಷ್ಟೇ ಬರೆದದ್ದು 'ಏನು ಮಾಡಲಿ ಹೇಳು ತಂಗಿ' ಎಂದು. ಮಾಸ್ತರರು ಶುರುಮಾಡಿದರು. 'ಏನು ಮಾಡಲಿ ಹೇ' ಎಂದು ಗದರಿದರು. ಆಮೇಲೆ 'ಳು' ಬಂತು. ಅದು ಮಾಸ್ತರರದಲ್ಲ. ಸ್ವಲ್ಪ ಒಡಕು, ಹಿಂದೆಲ್ಲೋ ನಗು. ಮತ್ತೆ 'ತಂಗಿ' ಎಂದು ಮಾಸ್ತರರೇ ಮುಗಿಸಿದರು.

ನಾನು ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಎದುರು ಬಂದೆ. ಮತ್ತೆ ಅದೇ. ಗದ್ದಲದ ನಡುವೆ ಒಂದೇ ಒಂದು ಅಕ್ಷರ ಕಸ್ತೂರಕ್ಕನದು.

'ಅಕ್ಕಾ, ನಿನಗ ಳ ಕಲಿಸಿದವರು ಯಾರು?'

ಅವಳು ಎರಡೂ ಕೆನ್ನೆಯನ್ನು ಗಾಳಿ ತುಂಬಿ ಉಬ್ಬಿಸಿ ತೋರಿಸಿದಳು. ಮಂಗನಬಾವು. ವರ್ಣಮಾಲೆಯ ಕೊನೆಯ ಅಕ್ಷರ ಕಲಿಸಿದ ದಿನ ಅವಳು ಕೆನ್ನೆ ಊದಿಸಿಕೊಂಡು ಮನೆಯಲ್ಲಿದ್ದಳು. ಮತ್ತೆ ಶಾಲೆಗೆ ಹೋಗುವಷ್ಟರಲ್ಲಿ ಮಾಸ್ತರರು ಕಾಗುಣಿತಕ್ಕೆ ದಾಟಿದ್ದರು. ಕೇಳಿದರೆ ಏಟು. ಎದುರಿಗೆ ಕೂತವಳ ಪಾಟಿಯನ್ನು ತಲೆಕೆಳಗಾಗಿ ಕದ್ದು ನೋಡಿ, ತನಗೆ ತಿಳಿದಂತೆ ಒಂದು ಳ ಮಾಡಿಕೊಂಡಳು. ಎಲ್ಲರೂ ಎಡದಿಂದ ಶುರುಮಾಡಿದರೆ ಇವಳು ಬಲದಿಂದ ಶುರುಮಾಡುತ್ತಾಳೆ, ಕೊನೆಗೆ ಬಾಲವನ್ನು ಮೇಲಕ್ಕೆ ಹಾರಿಸುತ್ತಾಳೆ. ಇಷ್ಟು ವರ್ಷ ಯಾರೂ ಗಮನಿಸಿಲ್ಲ. ಯಾರೂ ಕಲಿಸದ ಅಕ್ಷರ, ಹಾಗಾಗಿ ಅದು ಅವಳ ದನಿಯಲ್ಲೇ ಮಾತಾಡುತ್ತದೆ.

ನನಗೆ ಹುರುಪು ಬಂತು. ಒಂದು ಅಕ್ಷರದ ತಿರುವು ಸಿಕ್ಕರೆ ಉಳಿದವನ್ನು ಅದರಿಂದ ಎಳೆಯುವುದು ನಮ್ಮ ಕಸುಬಿನಲ್ಲಿ ಆಗದ ಮಾತಲ್ಲ. ಅವಳ ಳ ಕಾರದ ಬಾಗು ಹಿಡಿದು ಅ ಮಾಡಿದೆ, ಕ ಮಾಡಿದೆ, ಅದೇ ಬಾಲವನ್ನು ದೀರ್ಘಕ್ಕೂ ಒತ್ತಕ್ಷರಕ್ಕೂ ಕೊಟ್ಟೆ. ಅಂಗಡಿಗೆ ಬಂದವರನ್ನೆಲ್ಲ ನಾಳೆ ಬನ್ನಿ ಎಂದು ಅಟ್ಟಿದೆ. ಇಂಥ ಚಂದದ ಅಕ್ಷರ ನಾನು ಬದುಕಿನಲ್ಲೇ ಮಾಡಿರಲಿಲ್ಲ. ತುಂಟತನವೂ ಇತ್ತು, ಅಳತೆಯೂ ಇತ್ತು. 'ನಾ ಇಲ್ಲೇ ಅದೀನಿ, ಕೇಳ್ರಿ' ಎಂದು ಪ್ರಿಂಟ್ ಹಾಕಿ ಎದೆಗವಚಿಕೊಂಡು ಓಡಿದೆ.

ಮೊಳೆಗೆ ಹಾಕಿದೆ. ಮಾಮಾ ಕತ್ತು ವಾರೆಮಾಡಿ ಕೇಳಿದರು. ಅವರ ಮುಖ ಅರಳಿತು, ಹಾಗೇ ಮುದುಡಿತು.

'ಇದರಾಗ ಇಬ್ಬರು ಅದಾರ' ಎಂದರು.

'ಯಾರು ಮಾಮಾ?'

'ಒಬ್ಬಾಕಿ ನಮ್ಮಾಕಿ, ದೂರಿಂದ ಕೇಳಸ್ತಾಳ. ಇನ್ನೊಬ್ಬಾಕಿ ಮುಂದ ನಿಂತಾಳ. ಎಲ್ಲಾರ ತಪ್ಪು ತಿದ್ದೂವಂಥ ಹೆಣ್ಮಗಳು. ಭಾಳ ಜೋರದಾಳ.'

ಕಸ್ತೂರಕ್ಕ ನನ್ನ ಕಡೆ ನೋಡದೆ ಸೀರೆಯ ಅಂಚು ನೋಡಿದಳು. ನಾನು ಮತ್ತೊಮ್ಮೆ ಬೋರ್ಡಿನ ಎದುರು ಹೋಗಿ ನಿಂತೆ. ಹೌದು, ನನ್ನದೇ ದನಿ. ಯಾರೂ ಕಲಿಸದ ಆ ತಿರುವುಗಳನ್ನು ಎಳೆದವಳು ನಾನು, ಅಂದಮೇಲೆ ಇನ್ನೇನಾಗಲು ಸಾಧ್ಯ. ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬೋರ್ಡನ್ನು ಕಿತ್ತು ಕಂಕುಳಿಗಿಟ್ಟುಕೊಂಡು ಬಂದೆ.

ಮರುದಿನ ಬೆಳಿಗ್ಗೆ ಕಸ್ತೂರಕ್ಕನನ್ನು ಅಂಗಡಿಗೆ ಕರೆಸಿದೆ. ಮುಂದೆ ಬಿಳಿ ಹಾಳೆ, ಕೈಗೆ ದಪ್ಪ ಪೆನ್ನು ಕೊಟ್ಟೆ. 'ನಾ ಎಳಿಯಾಂಗಿಲ್ಲ. ನೀನs ಎಳೀಬೇಕು, ಅ ದಿಂದ' ಎಂದೆ. ಅವಳು ಅ ಬರೆದಳು, ಥೇಟ್ ಮಾಸ್ತರರ ಅ. ಗೋಡೆಗೆ ಹಚ್ಚಿದರೆ ಗದರಿತು.

'ಅಕ್ಕಾ, ಇಲ್ಲಿ ಕೇಳು. ಅ ಕಲಿಸಿದ ದಿನಾನೂ ನಿನಗ ಮಂಗನಬಾವು ಬಂದಿತ್ತು ಅಂತ ತಿಳಿ. ಕ ಕಲಿಸಿದ ದಿನಾನೂ. ಒಂದು ದಿನಾನೂ ನೀ ಸಾಲಿಗೆ ಹೋಗಿಲ್ಲ. ಎದುರಿನಾಕಿ ಪಾಟಿ ಕದ್ದು ನೋಡಿ ಬರಿಯಾಕಹತ್ತಿ, ಅಷ್ಟs.'

ಅವಳು ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದಳು. ಆಮೇಲೆ ಎಡಗೈಯನ್ನು ಕೆನ್ನೆಗೆ ಒತ್ತಿಕೊಂಡಳು, ಇನ್ನೂ ಊದಿದೆ ಎಂಬಂತೆ. ಕಣ್ಣು ಅರ್ಧ ಮುಚ್ಚಿ ಪೆನ್ನನ್ನು ಬಲದಿಂದ ಎಳೆದಳು. ಬಂದದ್ದು ಅ ಎನ್ನಬಹುದಾದ ಒಂದು ಆಕಾರ. ಹೊಟ್ಟೆ ದಪ್ಪ, ತಲೆ ಸಣ್ಣ. ಹಚ್ಚಿದೆ. ಗೋಡೆ 'ಅ' ಎಂದಿತು, ಒಡಕು ದನಿಯಲ್ಲಿ. ಕಸ್ತೂರಕ್ಕ ತನ್ನದೇ ದನಿ ಕೇಳಿ ಗಂಟಲು ಮುಟ್ಟಿಕೊಂಡಳು. ನಾವಿಬ್ಬರೂ ಅತ್ತೆವು, ಈ ಸಲ ಚಹಾದ ನೆಪ ಹೇಳಲಿಲ್ಲ.

ಮುಂದಿನದು ನನ್ನ ಪಾಲಿಗೆ ಶಿಕ್ಷೆ. ಅವಳು ಕೆನ್ನೆಗೆ ಕೈ ಕೊಟ್ಟುಕೊಂಡು ಒಂದೊಂದೇ ಅಕ್ಷರ ಬರೆಯುತ್ತ ಹೋದಳು. ಕ ಒಂದು ಕಡೆ ವಾಲಿತು. ಮ ಕಾಲು ಚಾಚಿ ಕೂತಿತು. ನ ಅಕ್ಷರದ ತಲೆಕಟ್ಟು ಜಾರಿ ಭುಜದ ಮೇಲೆ ಬಿತ್ತು. ನನ್ನ ಕೈ ಕೆರೆಯುತ್ತಿತ್ತು, ಒಂದು ಚೂರು ಎತ್ತಿದರೆ ಎಷ್ಟು ಚಂದವಾದೀತು ಎಂದು. ಒಮ್ಮೆ ತಡೆಯಲಾರದೆ ರ ವನ್ನು ಸ್ವಲ್ಪವೇ ದುಂಡಗೆ ಮಾಡಿದೆ. ಗೋಡೆಗೆ ಹಚ್ಚಿದರೆ ರ ನನ್ನ ದನಿಯಲ್ಲಿ ಗುರುಗುಟ್ಟಿತು. ಕಸ್ತೂರಕ್ಕ ನನ್ನ ಕೈಗೆ ಫಟ್ಟನೆ ಒಂದು ಕೊಟ್ಟಳು. ಆಮೇಲೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಅಮಾವಾಸ್ಯೆಯ ಹೊತ್ತಿಗೆ ಎಲ್ಲವೂ ಕಂಪ್ಯೂಟರಿಗೆ ಹೋದವು, ಇದ್ದದ್ದು ಇದ್ದ ಹಾಗೆ. 'ಏನಂತ ಬರೀಲಿ ಬೋರ್ಡಿನ್ಯಾಗ? ನಾ ಇಲ್ಲೇ ಅದೀನಿ, ಹೋಗಬ್ಯಾಡ್ರಿ, ಅಂತ?' ಎಂದು ಕೇಳಿದೆ. ಅವಳು ಪಾಟಿಯ ಮೇಲೆ ಒಂದೇ ಮಾತು ಬರೆದಳು. 'ಕೇಳಿದ್ರೇನ್ರಿ?'

ನಮ್ಮ ಕಡೆ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಹಿತ್ತಿಲಿನಿಂದ ಕರೆಯಲಿ, ಜಾತ್ರೆಯಲ್ಲಿ ಕರೆಯಲಿ, ಕಸ್ತೂರಕ್ಕ ಜೀವಮಾನವಿಡೀ ಕರೆದದ್ದು ಹೀಗೇ.

'ಇಷ್ಟs? ಇಷ್ಟೆಲ್ಲ ಒದ್ದಾಡಿ ಒಂದs ಮಾತೇನು?' ಎಂದು ರೇಗಿದೆ. ಅವಳು ಬರೆದಳು. 'ಅವರು ಏನಂತಾರ ಕೇಳಿ ಮುಂದಿಂದು ಹೇಳತೀನಿ. ಮಾತು ಮೊದಲs ಪ್ರಿಂಟ್ ಮಾಡಿಸಿ ಇಡೂದಲ್ಲ.'

ನಾನು ಬೋರ್ಡು ತೆಗೆದುಕೊಂಡು ಹೋಗುವಾಗ ಟೆಂಪೋ ಆಗಲೇ ಬಾಗಿಲಲ್ಲಿ ನಿಂತಿತ್ತು. ನೀಲಗಂಗವ್ವ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಮಾಮಾನ ಟ್ರಂಕು ಹೊಸ್ತಿಲಿಗೆ ಬಂದಿತ್ತು, ಹಾರ್ಮೋನಿಯಂ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಟ್ರಂಕಿನ ಮೇಲೆ ಕೂತಿತ್ತು. ಮಾಮಾ ತಾವೇ ಅಂಗಿ ತೊಟ್ಟು ತಯಾರಾಗಿ ಗೋಡೆಗೆ ಒರಗಿ ನಿಂತಿದ್ದರು.

'ಇಂದೂ ಬಂದಿಯೇನು? ಬ್ಯಾಡವ್ವಾ, ಮತ್ತ ಯಾವ ನರ್ಸಬಾಯಿನೂ ತರಬ್ಯಾಡ' ಎಂದರು.

ನಾನು ಮೊಳೆ ಹೊಡೆದು ಬೋರ್ಡನ್ನು ಹಾಕಿ ಪಕ್ಕಕ್ಕೆ ಸರಿದೆ. ಕಸ್ತೂರಕ್ಕ ಸೆರಗು ಸರಿಮಾಡಿಕೊಂಡು ಬಂದು ಅದರ ಎದುರು ನಿಂತಳು.

'ಕೇಳಿದ್ರೇನ್ರಿ?' ಎಂದಿತು ಬೋರ್ಡು.

ನೀಲಗಂಗವ್ವನ ಬಾಯಲ್ಲಿದ್ದ ಎಲೆ ಅಲ್ಲೇ ನಿಂತಿತು. ಮಾಮಾ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

'ಹೇಳು' ಎಂದರು. 'ಕೇಳಾಕತ್ತೀನಿ, ಹೇಳು.'

ಬೋರ್ಡಿಗೆ ಗೊತ್ತಿದ್ದುದು ಅದೊಂದೇ ಮಾತು. ಅಂಗಡಿಗೆ ಓಡಿ ಇನ್ನೊಂದು ಪ್ರಿಂಟ್ ತರಲೇ ಎಂದುಕೊಳ್ಳುವಷ್ಟರಲ್ಲಿ ಕಸ್ತೂರಕ್ಕ ಪಾಟಿ ಎತ್ತಿಕೊಂಡಳು. ಎಡಗೈಯನ್ನು ಕೆನ್ನೆಗೆ ಒತ್ತಿಕೊಂಡಳು. ಬಲದಿಂದ ಎಡಕ್ಕೆ ತಿರುತಿರುಗಿಸಿ ಬಳಪ ಕಿರ್ರೆನ್ನುವಂತೆ ಬರೆದಳು. ಬಹಳ ಹೊತ್ತು ಬರೆದಳು. ಇಷ್ಟು ದಿನ ನುಂಗಿಕೊಂಡ ಮಾತು, ಏನೋ ದೊಡ್ಡದು, ಕಣ್ಣೀರು ತರಿಸುವಂಥದು ಬರುತ್ತದೆ ಎಂದು ನಾನು ಸೆರಗು ಹುಡುಕಿಕೊಂಡೆ. ಅವಳು ಬೋರ್ಡು ತೆಗೆದು ಅದೇ ಮೊಳೆಗೆ ಪಾಟಿ ಹಾಕಿ ಎದುರು ನಿಂತಳು.

'ಹೊಂಟಾರಂತ ಹೊಂಟಾರ!' ಎಂದಿತು ಪಾಟಿ. 'ಅಂಗಿ ಗುಂಡಿ ಮ್ಯಾಲ ಕೆಳಗ ಹಾಕ್ಕೊಂಡೀರಿ, ಖಬರ್ ಐತೇನು? ಹಿಂಗ ಹೋದ್ರ ಊರವರು ನನಗ ಬೈತಾರ. ಟ್ರಂಕು ಒಳಗ ಇಡ್ರಿ, ಸುಮ್ಮ ಕೂಡ್ರಿ. ಎಲ್ಲೂ ಹೋಗೂದಿಲ್ಲ ನೀವು.'

ಮಾಮಾನ ಕೈ ಎದೆಗೆ ಹೋಯಿತು. ಒಂದೊಂದೇ ಗುಂಡಿ ಸವರುತ್ತ ಕೆಳಗೆ ಬಂದಿತು. ತುದಿಯಲ್ಲಿ ಕಾಜಾ ಇಲ್ಲದ ಗುಂಡಿಯೊಂದು ಸಿಕ್ಕಿತು. ಅವರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕುರುಡುಗಣ್ಣಿಂದ ನೀರು ಸುರಿಸುತ್ತ ನಕ್ಕರು.

'ನಮ್ಮಾಕೀನs' ಎಂದರು ಅಕ್ಕನ ಕಡೆ ತಿರುಗಿ. 'ಅಕ್ಕಾ, ಇಕಿ ನಮ್ಮಾಕೀನs. ಟೆಂಪೋದವಗ ಹೋಗಂತ ಹೇಳು.'

'ನನಗೂ ಸೇರಿಸಿ ಬೈದಂಗಾತು' ಎಂದು ನೀಲಗಂಗವ್ವ ಎಲೆ ಉಗುಳಲು ಹೊರಗೆ ಎದ್ದುಹೋದರು.

ಮಾಮಾ ಗೋಡೆ ತಡವಿ ಪಾಟಿಯ ಎದುರಿಗೆ ಬಂದರು. ಪಾಟಿ ಮೊದಲಿನಿಂದ ಬೈಯಿತು. ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಬಂದರು. ಮತ್ತೆ ಬೈಯಿತು. ಕಸ್ತೂರಕ್ಕ ಟ್ರಂಕಿನ ಮೇಲಿನ ಹಾರ್ಮೋನಿಯಮ್ಮಿನ ಗಂಟು ಬಿಚ್ಚುತ್ತ ಕೂತಳು. ನಾನು ಸುತ್ತಿಗೆ ಎತ್ತಿಕೊಂಡು ಸದ್ದಿಲ್ಲದೆ ಹೊರಬಿದ್ದೆ. ಓಣಿಯ ತಿರುವಿನವರೆಗೂ ಆ ಒಡಕು ದನಿ ಬೆನ್ನಿಗೆ ಬರುತ್ತಲೇ ಇತ್ತು.

ಸಂಜೆ ಮರೆತ ಮೊಳೆಡಬ್ಬಿ ತರಲು ಮತ್ತೆ ಹೋದೆ. ಮಾಮಾ ಊಟ ಮುಗಿಸಿ ಪಾಟಿಯ ಎದುರು ಇನ್ನೂ ಅಡ್ಡಾಡುತ್ತಿದ್ದರು. ಅಂಗಿಯ ಗುಂಡಿಗಳನ್ನು ಮಾತ್ರ ಸರಿಮಾಡಿಕೊಂಡಿರಲಿಲ್ಲ.